ಅರ್ಧ ಮೀಟರಿನ ತಪ್ಪು

ನಮ್ಮ ಫುಟ್‌ಬಾಲ್ ಕ್ಲಬ್ಬಿನಲ್ಲಿ ಎಲ್ಲರೂ ಅವರನ್ನು ಟೇಪಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಹೊಲಿಗೆ ಅಂಗಡಿಯಲ್ಲಿ ದುಡಿದು, ಬೆನ್ನುನೋವಿನಿಂದ ಮಿಷನ್ ಮುಂದೆ ಕೂರಲಾಗದೆ ಮೈದಾನದ ಕೆಲಸಕ್ಕೆ ಸೇರಿದವರು. ಸುಣ್ಣದ ಗೆರೆ ಎಳೆಯುವುದು, ಚೆಂಡಿಗೆ ಗಾಳಿ ತುಂಬುವುದು, ವರ್ಷಕ್ಕೆರಡು ಸಲ ನಮ್ಮ ದಮ್ಮಿನ ಪರೀಕ್ಷೆಗೆ ಇಪ್ಪತ್ತು ಮೀಟರ್ ಅಳೆದು ಎರಡೂ ತುದಿಗೆ ಕೋನ್ ಇಡುವುದು ಅವರ ಕೆಲಸ.

ಪರೀಕ್ಷೆ ಹೇಳುವುದಕ್ಕೇನೋ ಸುಲಭ. ಸ್ಪೀಕರಿನಲ್ಲಿ ಬೀಪ್ ಸದ್ದಾಗುತ್ತದೆ; ಮುಂದಿನ ಬೀಪ್ ಕೇಳುವಷ್ಟರಲ್ಲಿ ಆಚೆಯ ಕೋನ್ ಮುಟ್ಟಬೇಕು. ನಿಮಿಷಕ್ಕೊಮ್ಮೆ ಹಂತ ಏರುತ್ತದೆ, ಬೀಪುಗಳ ನಡುವಿನ ಸಮಯ ಕುಗ್ಗುತ್ತದೆ. ಒಂಬತ್ತನೇ ಹಂತ ಮುಟ್ಟದವರಿಗೆ ಮೊದಲ ತಂಡದಲ್ಲಿ ಜಾಗವಿಲ್ಲ ಎಂದು ಕೋಚ್ ಸರ್ ನಿಯಮ ಮಾಡಿದ್ದರು.

ನನಗೆ ಹತ್ತೊಂಬತ್ತು ತುಂಬಿದ ವರ್ಷ ಅರ್ಧ ತಂಡ ಸೋಮವಾರ ಓಡಿತು, ನಾವು ಹನ್ನೊಂದು ಜನ ಮಂಗಳವಾರ. ಎಂಟನೇ ಹಂತಕ್ಕೇ ನನ್ನ ಉಸಿರು ಕಟ್ಟಿತು.

“ಸರ್, ಇವತ್ತು ಯಾಕೋ ದೂರ ಜಾಸ್ತಿ ಅನ್ನಿಸ್ತು,” ಎಂದೆ.

“ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ!” ಎಂದರು ಸರ್. ಎಲ್ಲರೂ ನಕ್ಕರು. ನನ್ನ ಹೆಸರು ಪಟ್ಟಿಯಿಂದ ಹೋಯಿತು. ಅಳು ಕಾಣದಿರಲೆಂದು ನಲ್ಲಿಯ ಕೆಳಗೆ ಮುಖ ಹಿಡಿದು ನಿಂತೆ.

ನಗದೆ ಇದ್ದವರು ಟೇಪಕ್ಕ ಒಬ್ಬರೇ. ಸಾಮಾನಿನ ಕೋಣೆಯಲ್ಲಿ ಅಂಕಗಳ ಹಾಳೆ ಹರಡಿಕೊಂಡು ಕೂತರಂತೆ. ಮಂಗಳವಾರ ಓಡಿದ ಹನ್ನೊಂದೂ ಜನರ ಅಂಕ ಹಿಂದಿನ ಸಲಕ್ಕಿಂತ ಇಳಿದಿತ್ತು. “ಒಬ್ಬಳು ಸೋಮಾರಿ ಆಗಬಹುದು ಕಣೇ. ಹನ್ನೊಂದು ಜನಾನೂ ಒಂದೇ ದಿನ ಆಗ್ತಾರಾ?” ಎಂದು ಆಮೇಲೆ ನನಗೆ ಹೇಳಿದರು. ಸೋಮವಾರ ಅಳೆದದ್ದು ಸ್ಟೀಲ್ ಟೇಪಿನಲ್ಲಿ. ಮಂಗಳವಾರ ಅದನ್ನು ಯಾರೋ ಒಯ್ದಿದ್ದರಿಂದ ಮೂಲೆಯಲ್ಲಿದ್ದ ಹಳೆಯ ಬಟ್ಟೆ ಟೇಪು ತೆಗೆದಿದ್ದರು. ಸಂಜೆ ಸ್ಟೀಲ್ ಟೇಪು ವಾಪಸು ಬಂದ ಮೇಲೆ ಎರಡನ್ನೂ ವರಾಂಡದಲ್ಲಿ ಪಕ್ಕಪಕ್ಕ ಹಾಸಿ ನೋಡಿದರು. ಬಟ್ಟೆ ಟೇಪು ಇಪ್ಪತ್ತು ಎನ್ನುವ ಕಡೆ ಸ್ಟೀಲಿನದು ಇಪ್ಪತ್ತೂವರೆ ತೋರಿಸಿತು.

ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವರದು ಖಾಯಂ ಕೆಲಸವಲ್ಲ. ಮನೆಯಲ್ಲಿ ಗಂಡ ಹಾಸಿಗೆ ಹಿಡಿದಿದ್ದರು. ಆದರೂ ಮರುದಿನ ಬೆಳಿಗ್ಗೆ ನಾನು ಕ್ಲಬ್ಬಿನ ಬೂಟು ವಾಪಸು ಕೊಡಲು ಆಫೀಸಿಗೆ ಹೋದಾಗ, ಟೇಪಕ್ಕ ಎರಡೂ ಟೇಪು ಹಿಡಿದು ಸರ್ ಮೇಜಿನ ಮುಂದೆ ನಿಂತಿದ್ದರು.

“ಸರ್, ಈ ಹುಡುಗಿ ಹೇಳಿದ್ದು ನಿಜ. ಈ ಸಲ ನೆಲವೇ ಡೊಂಕಿತ್ತು. ಡೊಂಕು ಮಾಡಿದವಳು ನಾನು.”

ಸರ್ ತಾವೇ ಎರಡು ಸಲ ಅಳೆದರು. “ಅಕ್ಕಾ, ನೀವು ಹೇಳದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ.”

“ನಂಗೆ ಗೊತ್ತಿರ್ತಿತ್ತಲ್ಲ ಸರ್. ಬಟ್ಟೆ ಟೇಪು ಎಳೆದೂ ಎಳೆದೂ ಉದ್ದ ಆಗುತ್ತೆ ಅಂತ ಅಷ್ಟು ವರ್ಷ ಕಂಡವಳು, ಮರೆತುಬಿಟ್ಟೆ.”

ಸರ್ ನನ್ನ ಕಡೆ ತಿರುಗಿದರು. “ತಪ್ಪಾಯ್ತಮ್ಮ. ನಿನ್ನನ್ನ ಹಾಗೆ ಗೇಲಿ ಮಾಡಬಾರದಿತ್ತು,” ಎಂದರು.

ನಾಲ್ಕು ದಿನ ಬಿಟ್ಟು ಎಲ್ಲರೂ ಮತ್ತೆ ಓಡಿದೆವು. ನಾನು ಒಂಬತ್ತು ದಾಟಿದೆ. ಸೋಮವಾರದವರಿಗೆ ಟೇಪು, ಹೊತ್ತು, ಬೂಟು ಎಲ್ಲ ಮೊದಲಿನವೇ. ಆದರೂ ಕೆಲವರು ಅರ್ಧ ಹಂತ ಏರಿದರು, ಕೆಲವರು ಇಳಿದರು. ಟೇಪಕ್ಕ ಆ ಹಾಳೆಯನ್ನೂ ಸರ್ ಮುಂದೆ ಇಟ್ಟರು.

“ನೋಡಿ ಸರ್, ಮನುಷ್ಯರು ದಿನಾ ಒಂದೇ ಅಳತೆಗೆ ಸಿಗಲ್ಲ. ಒಂದು ಕೋಟು ಕತ್ತರಿಸೋಕೆ ಎರಡು ಸಲ ಅಳೀತೀವಿ. ಒಬ್ಬ ಹುಡುಗೀನ ತೆಗೆದುಹಾಕೋಕೆ ಒಂದೇ ಸಲ ಸಾಕಾ?”

ಅಂದಿನಿಂದ ನಮ್ಮಲ್ಲಿ ಒಂದೇ ವಾರದಲ್ಲಿ ಎರಡು ಸಲ ಪರೀಕ್ಷೆ. ಅರ್ಧ ಹಂತದ ಹೆಚ್ಚುಕಮ್ಮಿಗೆ ಯಾರನ್ನೂ ಕೈಬಿಡಲಿಲ್ಲ. ನಾನು ಹನ್ನೊಂದು ವರ್ಷ ಆಡಿದೆ. ಈಗ ಅದೇ ಮೈದಾನದಲ್ಲಿ ಹುಡುಗಿಯರಿಗೆ ಕಲಿಸುತ್ತೇನೆ. ನನ್ನ ಅನ್ನಕ್ಕೆ ದಾರಿಯಾದವರು ಟೇಪಕ್ಕ ಎಂದರೆ ಅವರು ಒಪ್ಪುವುದಿಲ್ಲ. “ತಪ್ಪು ಮಾಡ್ದೆ, ಹೇಳ್ದೆ. ಅದರಲ್ಲೇನು ದೊಡ್ಡಸ್ತಿಕೆ?” ಎನ್ನುತ್ತಾರೆ.

ಕಳೆದ ಭಾನುವಾರ ಅವರನ್ನೂ ಅವರ ಮಗಳನ್ನೂ ನಮ್ಮ ಪಂದ್ಯಕ್ಕೆ ಕರೆದೊಯ್ದು ಮುಂದಿನ ಸಾಲಿನಲ್ಲೇ ಕೂರಿಸಿದೆ. ಅರ್ಧ ಆಟದ ವಿರಾಮದಲ್ಲಿ ಟೇಪಕ್ಕ ನನ್ನ ತೋಳು ಜಗ್ಗಿದರು. “ಅಲ್ವೇ, ಚೆಂಡು ಗೋಲಿನೊಳಗೆ ಹೋಯ್ತಲ್ಲ, ಆ ಮನುಷ್ಯ ಯಾಕೆ ಬಾವುಟ ಎತ್ತಿದ?” ಅಷ್ಟು ವರ್ಷ ಮೈದಾನದಲ್ಲೇ ಇದ್ದವರು! ಮೂರು ಟೀ ಲೋಟ ಜೋಡಿಸಿ ಆಫ್‌ಸೈಡ್ ವಿವರಿಸಿದೆ. ತಲೆಯಾಡಿಸಿದರು. ಒಂದಕ್ಷರವೂ ತಲೆಗೆ ಹೋಗಿರಲಿಲ್ಲ.