ಮೀಸಲು ಕುರಿಗಳ ಮುತ್ಯಾ

ಹೋದ ತಿಂಗಳು ಠೇವಣಿ ರಸೀದಿ ಬದಲಿಸಲು ಶಹಾಪುರದ ಬ್ಯಾಂಕಿಗೆ ಹೋಗಿದ್ದೆ. ಹೊರಗೆ ಜಿಟಿಜಿಟಿ ಮಳೆ. ಕುರಿ ಕಾಯುವವನೊಬ್ಬ ಒಳಗೆ ಬಂದು ನನ್ನ ಬೆಂಚಿನ ಮೇಲೆ ಕೂತ. ತೊಯ್ದ ಕಂಬಳಿಯ ವಾಸನೆ ಕೋಣೆ ತುಂಬಿತು. ಕೌಂಟರಿನ ಹೆಣ್ಣುಮಗಳು ಮೂಗಿಗೆ ಸೆರಗು ಹಿಡಿದಳು. ನನಗೆ ಮಾತ್ರ ಮುತ್ಯಾ ನೆನಪಾದ...

ನಾನು ಮೂವತ್ತು ವರ್ಷ ವಿಮಾ ಕಂಪನಿಯೊಂದರಲ್ಲಿ ದುಡಿದವನು. ಬಂಡವಾಳ ಎಷ್ಟಿರಬೇಕು, ಅದರಲ್ಲಿ ಮುಟ್ಟಬಾರದ ಮೀಸಲು ಎಷ್ಟು, ಅದನ್ನು ಎಲ್ಲೆಲ್ಲಿ ಹಂಚಿಡಬೇಕು ಎಂದು ದೊಡ್ಡ ಊರುಗಳಿಂದ ಬಂದ ಸಾಹೇಬರು ಬೋರ್ಡಿನ ಮೇಲೆ ಗೆರೆ ಎಳೆದು ಪಾಠ ಹೇಳುತ್ತಿದ್ದರು. ಅಂಥ ಒಂದು ಪಾಠದ ನಡುವೆ ನಾನು ಎದ್ದು ಹೊರಗೆ ಹೋದೆ, ಆಮೇಲೆ ಹಾಗೆ ಹೋದದ್ದಕ್ಕೆ ವಿವರಣೆಯನ್ನೂ ಬರೆದುಕೊಟ್ಟೆ. ತಲೆನೋವು ಎಂದು ಬರೆದೆ. ನಿಜ ಹೇಳಬೇಕೆಂದರೆ ಸಿಟ್ಟು ಬಂದಿತ್ತು. ಆ ಸಾಹೇಬರು ಹೇಳುತ್ತಿದ್ದ ಮಾತನ್ನೇ, ಸಹಿ ಹಾಕಲೂ ಬಾರದ ಒಬ್ಬ ಮುದುಕ ನನಗೆ ಎಷ್ಟೋ ವರ್ಷ ಮೊದಲೇ ಹೇಳಿದ್ದ. ಆಗ ನಾನು ಕೇಳಿರಲಿಲ್ಲ.

ನಿಜಾಮರ ಸೀಮೆ ಹಿಂದೂಸ್ತಾನಕ್ಕೆ ಸೇರಿದ ಹೊಸತು. ನಿಜಾಮರ ನಾಣ್ಯ ಹಾಲಿ ಸಿಕ್ಕ ಹೋಗಿ ಹಿಂದೂಸ್ತಾನದ ಕಲ್ದಾರ್ ರೂಪಾಯಿ ಬರುತ್ತಿತ್ತು, ಕಚೇರಿಗಳಲ್ಲಿ ಉರ್ದು ಹೋಗಿ ಇಂಗ್ಲಿಷು, ಕನ್ನಡ ಬರುತ್ತಿದ್ದವು. ನಾನು ಸುರಪುರದವನು. ಮನೆಯಲ್ಲಿ ದಖನಿ, ಮದರಸೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ. ಅದೇ ನನ್ನ ಪುಣ್ಯ. ನಮ್ಮವರು ಎಷ್ಟೋ ಜನ ಕೆಲಸ ಕಳೆದುಕೊಂಡು ಕೂತಿದ್ದ ಆ ದಿನಗಳಲ್ಲಿ, ಹಳೆಯ ಉರ್ದು ಕಾಗದಗಳನ್ನು ಕನ್ನಡಕ್ಕೆ ಇಳಿಸುವ ಹಂಗಾಮಿ ಗುಮಾಸ್ತನಾಗಿ ಸಹಕಾರ ಸಂಘಗಳ ಹೊಸ ಕಚೇರಿಯೊಂದಕ್ಕೆ ಸೇರಿದೆ. ಮೂರು ಮೂರು ತಿಂಗಳಿಗೆ ಆರ್ಡರ್ ಬರಬೇಕು. ಬರದಿದ್ದರೆ ಮನೆಗೆ. “ನೌಕ್ರಿ ಸಂಭಾಲ್ ಬೇಟಾ,” ನೌಕರಿ ಜೋಪಾನ ಮಗನೇ, ಎಂದು ಅಮ್ಮ ದಿನಾ ಬೆಳಿಗ್ಗೆ ಹೇಳಿ ಕಳಿಸುತ್ತಿದ್ದಳು.

ಆ ಕಾಗದಗಳ ನಡುವೆ ಮುತ್ಯಾನ ವಿಷಯ ಸಿಕ್ಕಿತು. ಬೋನಾಳದ ಹಿರಿಯ ಕುರಿಗಾರ ಅವನು, ಸುತ್ತಿನವರೆಲ್ಲ ಮುತ್ಯಾ, ಅಂದರೆ ಅಜ್ಜ, ಎಂದೇ ಕರೆಯುತ್ತಿದ್ದರು. ಬೋನಾಳ, ಶಿರವಾಳ, ವಡಗೇರಾ ಸುತ್ತಿನ ಕುರಿ ಸಾಕುವ ಮನೆಗಳು ತಮ್ಮಷ್ಟಕ್ಕೆ ಒಂದು ಕಟ್ಟಳೆ ಮಾಡಿಕೊಂಡಿದ್ದವು. ವರ್ಷಕ್ಕೊಮ್ಮೆ ಮನೆಗೊಂದು ಹೆಣ್ಣುಮರಿ ಕೊಡಬೇಕು. ಅದರ ಎಡಗಿವಿ ಸೀಳಿ ಬಿಡುತ್ತಿದ್ದರು. ಅದು ಮೀಸಲು ಕುರಿ. ಅದನ್ನು ಮಾರುವಂತಿಲ್ಲ, ಕೊಯ್ಯುವಂತಿಲ್ಲ. ಯಾರ ಮಂದೆ ರೋಗಕ್ಕೋ ಸಿಡಿಲಿಗೋ ಹೋಯಿತೋ ಅವರು ಸತ್ತ ಕುರಿಗಳ ಕಿವಿ ಕೊಯ್ದು ದಾರಕ್ಕೆ ಪೋಣಿಸಿಕೊಂಡು ಮುತ್ಯಾನ ಹತ್ತಿರ ಬರಬೇಕು. ಮೂರು ಸತ್ತರೆ ಎರಡು ಕುರಿ ಮೀಸಲಿನಿಂದ ಸಿಗುತ್ತಿತ್ತು.

ಇದರಲ್ಲಿ ಮುಖ್ಯವಾದದ್ದು ಇನ್ನೊಂದು. ಬೋನಾಳದವರು ಕೊಟ್ಟ ಮೀಸಲು ಕುರಿ ಬೋನಾಳದಲ್ಲಿ ಇರಬಾರದು. ಅದು ಶಿರವಾಳದವರ ಮಂದೆಯಲ್ಲಿ ಮೇಯಬೇಕು, ಶಿರವಾಳದ್ದು ವಡಗೇರಾದವರ ಮಂದೆಯಲ್ಲಿ. ಕಾಯ್ದವನಿಗೆ ಉಣ್ಣೆ, ಗೊಬ್ಬರ. ಹುಟ್ಟಿದ ಮರಿ ಮೀಸಲಿಗೆ. ಯಾವ ಊರಲ್ಲಿ ಯಾರ ಹಟ್ಟಿಯಲ್ಲಿ ಎಷ್ಟು ಎಂಬುದು ಮುತ್ಯಾನ ತಲೆಯಲ್ಲಿತ್ತು, ಒಂದು ಪಟ್ಟಿ ನಮ್ಮ ಕಚೇರಿಯ ಉರ್ದು ಕಡತದಲ್ಲಿತ್ತು.

ನಮ್ಮ ಇನ್ಸ್‌ಪೆಕ್ಟರ್ ಸಾಹೇಬರು ಮುಂಬಯಿ ಸೀಮೆಯಿಂದ ವರ್ಗವಾಗಿ ಬಂದವರು. ಕೆಟ್ಟವರಲ್ಲ. ಇದನ್ನು ಸಂಘವಾಗಿ ನೋಂದಾಯಿಸೋಣ, ಸರ್ಕಾರವೂ ಒಂದು ಪಾಲು ಹಾಕುತ್ತದೆ ಎಂದು ಉಬ್ಬಿದರು. ಆದರೆ ಕಾಯ್ದೆಯಂತೆ ಬಂಡವಾಳವನ್ನು ಅಧಿಕಾರಿ ಕಣ್ಣಾರೆ ನೋಡಬೇಕಲ್ಲ. ಮೂವತ್ತು ಹಟ್ಟಿ ಸುತ್ತಲು ಅವರಿಗೆ ಪುರಸೊತ್ತಿಲ್ಲ. ಎಲ್ಲ ಕುರಿ ಒಂದೇ ಕಡೆ ಸೇರಿಸಿ ಎಂದರು. ಅಲ್ಲಿಯವರೆಗೆ ಮೀಸಲಿನಿಂದ ಒಂದು ಕುರಿಯನ್ನೂ ಯಾರಿಗೂ ಕೊಡಕೂಡದು ಎಂದೂ ಬರೆಸಿದರು. ಬರೆದವನು ನಾನು. ಅಕ್ಷರ ಚೆನ್ನಾಗಿದೆ ಎಂದು ಹೊಗಳಿದರು.

ನೋಟೀಸು ಮುಟ್ಟಿದ ಎರಡನೇ ದಿನ ಮುತ್ಯಾ ಕಚೇರಿಗೆ ಬಂದ. ಹೆಗಲ ಮೇಲೆ ಕಂಬಳಿ, ಹಿಂದೆ ಶಿರವಾಳದ ಒಬ್ಬ ಹೆಣ್ಣುಮಗಳು. ಗಂಡನಿಲ್ಲದವಳು. ಬೇವಿನ ಮರಕ್ಕೆ ಸಿಡಿಲು ಬಡಿದು ಕೆಳಗಿದ್ದ ಅವಳ ಹದಿನೆಂಟು ಕುರಿಯೂ ಸತ್ತಿದ್ದವು. ಕಿವಿಗಳ ದಾರ ಅವಳ ಕೈಯಲ್ಲೇ ಇತ್ತು. ಅವಳಿಗೆ ಹನ್ನೆರಡು ಕುರಿ ಬರಬೇಕು.

“ಮುನ್ಶಿ ಸಾಹೇಬ್ರ, ಈಕಿ ಕುರಿ ಈಕಿಗಿ ಕೊಟ್ಟುಬಿಡ್ತೀನ್ರಿ. ಉಳಿದದ್ದು ನಿಮ್ಮ ಸಾಹೇಬ್ರು ಬಂದು ಎಣಿಸಲಿ,” ಎಂದ ಮುತ್ಯಾ.

“ಹುಕುಂ ಇಲ್ಲ ಮುತ್ಯಾ. ಎಣಿಕಿ ಆದ ಮ್ಯಾಲೆ.”

“ಹಂಗಾದ್ರ ನಿಮ್ಮ ಸಾಹೇಬ್ರಿಗಿ ಹಟ್ಟಿಗೆ ಬರಾಕ ಹೇಳ್ರಿ. ಮೀಸಲು ಒಂದ ಹಟ್ಟ್ಯಾಗ ಕೂಡಬಾರ್ದು. ಕೂಡಿದ್ರ ಅದು ಮೀಸಲಲ್ಲ, ಬರೇ ಕುರಿ ಹಿಂಡು.”

ನಾನು ನಕ್ಕೆ. ಹಳೇ ಕಾಲದವರ ಮಡಿ ಮೈಲಿಗೆ ಎಂದುಕೊಂಡೆ. ಸಾಹೇಬರಿಗೆ ಹೋಗಿ ಹೇಳುವ ಧೈರ್ಯ ಇರಲಿಲ್ಲ ಎಂಬುದು ಇನ್ನೊಂದು ಮಾತು. ಆ ತಿಂಗಳ ಕೊನೆಗೆ ನನ್ನ ಮೂರು ತಿಂಗಳು ಮುಗಿಯುತ್ತಿತ್ತು. ಒಂದೇ ದಿನದ ಕೆಲಸ ಮುತ್ಯಾ, ಬೆಳಿಗ್ಗೆ ಕೂಡಿಸಿ ಮಧ್ಯಾಹ್ನ ಬಿಟ್ಟುಬಿಡು ಎಂದು ಪುಸಲಾಯಿಸಿದೆ.  ಆ ಹೆಣ್ಣುಮಗಳು ದಾರವನ್ನು ಮತ್ತೆ ಉಡಿಯಲ್ಲಿ ಕಟ್ಟಿಕೊಂಡಳು.

ಗೊತ್ತುಮಾಡಿದ ದಿನ ಬೋನಾಳ ಕೆರೆಯ ಹತ್ತಿರ ಮುಳ್ಳಿನ ಬೇಲಿ ಹಾಕಿ ಮೀಸಲು ಕುರಿಗಳನ್ನೆಲ್ಲ ಕೂಡಿಸಿದರು. ಇನ್ನೂರಕ್ಕೂ ಮೇಲೆ. ಕಾಯ್ದವರೂ ಬಂದಿದ್ದರು. ನಾನು ಬಿಳಿ ಅಂಗಿ ತೊಟ್ಟು ಪಟ್ಟಿ ಹಿಡಿದು ನಿಂತಿದ್ದೆ. ಮಧ್ಯಾಹ್ನವಾಯಿತು, ಸಾಹೇಬರ ಜೀಪು ಬರಲಿಲ್ಲ. ಸಂಜೆ ಜವಾನ ಸೈಕಲ್ ಮೇಲೆ ಬಂದು, ಸಾಹೇಬರು ಯಾದಗಿರಿಯಲ್ಲಿ ಮೀಟಿಂಗಿನಲ್ಲಿದ್ದಾರೆ, ನಾಳೆ ಬರುತ್ತಾರೆ ಎಂದ.

ಮುತ್ಯಾ ಬೇಲಿಯೊಳಗೆ ಹೋಗಿ ಒಂದೊಂದೇ ಕುರಿಯ ಮೂತಿ ಎತ್ತಿ ನೋಡುತ್ತಿದ್ದ. ವಡಗೇರಾ ಕಡೆಯಿಂದ ಬಂದ ಎರಡು ಕುರಿಗಳ ಹತ್ತಿರ ತಡೆದು ನಿಂತ. ಅವುಗಳ ಮೂಗು ಸೋರುತ್ತಿತ್ತು, ಮೈ ಸುಡುತ್ತಿತ್ತು. ನನ್ನನ್ನು ಕರೆದ.

“ಇವು ನೆಟ್ಟಗಿಲ್ರಿ. ಬಿಡ್ಲೇನು? ಎಲ್ಲಾರೂ ತಮ್ಮ ತಮ್ಮ ಊರಿಗಿ ಹೊಡ್ಕೊಂಡು ಹೋಗ್ತಾರ.”

ನಾನು ಹೂಂ ಅನ್ನಬಹುದಿತ್ತು. ಕಚೇರಿಯಿಂದ ಅಲ್ಲಿ ನಿಂತಿದ್ದವನು ನಾನೊಬ್ಬನೇ. ಒಂದು ತಲೆ ಅಲ್ಲಾಡಿಸಿದ್ದರೆ ಸಾಕಿತ್ತು. “ಇನ್ನೊಂದು ದಿನ ತಡಿ ಮುತ್ಯಾ,” ಎಂದೆ...

ಮುತ್ಯಾ ಆ ಎರಡು ಕುರಿಗಳನ್ನು ತನ್ನ ಕಂಬಳಿಯ ಹಗ್ಗದಿಂದ ದೂರ ಕಟ್ಟಿದ. ಅಷ್ಟರಲ್ಲಿ ಅವು ಎಲ್ಲದರೊಂದಿಗೆ ಒಂದು ಹಗಲು ಕಳೆದಿದ್ದವು. ಸಾಹೇಬರು ಮೂರನೇ ದಿನ ಬಂದರು. ಜೀಪಿನಿಂದ ಇಳಿದು, ಒಂದು ಗಳಿಗೆ ನಿಂತು, ನಾನು ಬರೆದ ಪಟ್ಟಿಗೆ ರುಜು ಹಾಕಿ, ಮುತ್ಯಾನ ಕೈಕುಲುಕಿ ಹೋದರು. ಕುರಿಗಳು ಮೂವತ್ತು ಹಟ್ಟಿಗಳಿಗೆ ಹಿಂತಿರುಗಿದವು. ಆ ಹೆಣ್ಣುಮಗಳು ತನ್ನ ಹನ್ನೆರಡನ್ನು ಹೊಡೆದುಕೊಂಡು ಹೋದಳು. ಹೋಗುವಾಗ ನನಗೂ ಕೈಮುಗಿದಳು. ಅದನ್ನು ನೆನೆದರೆ ಇಂದಿಗೂ ನನ್ನ ಮೇಲೆ ನನಗೇ ಹೇಸಿಗೆ.

ಹತ್ತು ಹನ್ನೆರಡು ದಿನಕ್ಕೆ ಸುದ್ದಿ ಬರತೊಡಗಿತು. ಕುರಿಗಳಿಗೆ ಮೈಲಿ ಎದ್ದಿದೆ. ಮೈಲಿ ಎಂದರೆ ನಮ್ಮ ಕಡೆ ಸಿಡುಬು. ಮೀಸಲು ಕುರಿ ಹೋದ ಹಟ್ಟಿಯಲ್ಲೆಲ್ಲ ಮನೆಯ ಕುರಿಗೂ ಹತ್ತಿತು. ಒಂದೂರಿಗೆ ಕೇಡು ಬಂದರೆ ಮೀಸಲೂ ಅದರ ಜೊತೆ ಹೋಗದಿರಲಿ ಎಂದು ಹಿರಿಯರು ಹಂಚಿಟ್ಟದ್ದನ್ನು ನಾವು ಕೂಡಿಸಿ, ಕೇಡನ್ನೇ ಹಂಚಿ ಕಳಿಸಿದ್ದೆವು. ಎಲ್ಲರಿಗೂ ಒಮ್ಮೆಲೇ ಕುರಿ ಬೇಕು, ಕೊಡಲು ಒಂದೂ ಇಲ್ಲ.

ಮುತ್ಯಾ ಇನ್ನೊಂದು ಸಲ ಕಚೇರಿಗೆ ಬಂದ. ಕಂಬಳಿ ಬಿಚ್ಚಿ ನನ್ನ ಮೇಜಿನ ಮೇಲೆ ದಾರಗಳನ್ನು ಇಟ್ಟ. ಒಣಗಿದ ಕಿವಿಗಳು. ಎಡಗಿವಿ ಸೀಳಿದವು.

“ಮುನ್ಶಿ, ನಿನ್ನ ಪಟ್ಟಿ ತಗಿ. ಎಣಿಸ್ಕೊ. ಆಕಿ ಹನ್ನೆರಡೂ ಇದ್ರಾಗ ಅದಾವ.”

ಅದಕ್ಕೂ ಮೊದಲು ನನ್ನನ್ನು ಅವನು ಏಕವಚನದಲ್ಲಿ ಕರೆದದ್ದಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ. ಬೈಯಲಿಲ್ಲ. ತನ್ನ ಸ್ವಂತ ಮಂದೆಯಲ್ಲಿ ಉಳಿದಿದ್ದ ಎಂಟು ಕುರಿಗಳನ್ನು ಶಿರವಾಳಕ್ಕೆ ಹೊಡೆದುಕೊಂಡು ಹೋಗಿ ಆ ಹೆಣ್ಣುಮಗಳಿಗೆ ಕೊಟ್ಟು ಬಂದನೆಂದು ಆಮೇಲೆ ತಿಳಿಯಿತು. ಕೊನೆಯವರೆಗೂ ಮಂದಿಯ ಕುರಿ ಕೂಲಿಗೆ ಕಾಯ್ದ.

ಸಂಘದ ನೋಂದಣಿ ಪತ್ರ ಮುಂದೆ ಆರು ತಿಂಗಳಿಗೆ ಬಂತು. ಗುಂಡು ಮೊಹರು, ಕೆಳಗೆ ಬಂಡವಾಳದ ಕಾಲಮಿನಲ್ಲಿ ನಾನು ಎಣಿಸಿದ ಕುರಿಗಳ ಸಂಖ್ಯೆ. ನನ್ನ ನೌಕರಿಯ ಆರ್ಡರೂ ಬಂದಿತ್ತು. ನೋಂದಣಿ ಪತ್ರ ಕೊಡಲು ಬೋನಾಳಕ್ಕೆ ಹೋಗು ಎಂದರು. ಹೋಗಲಿಲ್ಲ, ಅಂಚೆಗೆ ಹಾಕಿದೆ. ಮುಂದೆ ಆ ನೌಕರಿ ಬಿಟ್ಟು ವಿಮಾ ಕಂಪನಿ ಸೇರಿದೆ; ಮುತ್ಯಾ ತೀರಿಕೊಂಡಾಗಲೂ ಬೋನಾಳಕ್ಕೆ ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ...

ಬ್ಯಾಂಕಿನ ಬೆಂಚಿನ ಮೇಲೆ ಕೂತಿದ್ದವನು ಒಂದು ಫಾರಂ ಮುಂದೆ ಹಿಡಿದ. ಸಾಲದ ಕುರಿಗಳಿಗೆ ವಿಮೆ. ಕಿವಿಗೆ ಚುಚ್ಚುವ ಬಿಲ್ಲೆಯ ನಂಬರುಗಳ ಚೀಟಿಯೂ ಇತ್ತು. ತುಂಬಿಕೊಡ್ರಿ ಎಂದ. ತುಂಬಿದೆ. ಕುರಿಗಳನ್ನು ಇಡುವ ಸ್ಥಳ ಎಂಬಲ್ಲಿ ಪೆನ್ನು ನಿಂತಿತು.

“ಎಲ್ಲಾ ಒಂದ ಹಟ್ಟ್ಯಾಗ ಇಟ್ಟೀಯೇನಪಾ?”

“ಹೌದ್ರಿ.”

“ಅರ್ಧ ಬ್ಯಾರೆ ಊರಾಗ ಇಡು. ನಿನ್ನವು ಅವರು ಕಾಯಲಿ, ಅವರವು ನೀ ಕಾಯಿ.”

ಅವನು ನನ್ನ ಮುಖವನ್ನೇ ನೋಡಿದ. ಮುದುಕನಿಗೆ ಅರಳುಮರುಳು ಎಂದುಕೊಂಡಿರಬೇಕು.

“ನನ್ನ ಕುರಿ ಮಂದಿ ಯಾಕ ಕಾಯ್ತಾರ್ರಿ?” ಎಂದ.

ಒಂದು ಕಾಲಕ್ಕೆ ಕಾಯುತ್ತಿದ್ದರು ಎಂದು ಹೇಳಲು ಬಾಯಿ ತೆರೆದೆ. ಅದು ಹೇಗೆ ನಿಂತಿತು ಎಂದು ಕೇಳಿದರೆ ಏನು ಹೇಳಲಿ? ಸ್ಥಳದ ಕಾಲಮಿನಲ್ಲಿ ಅವನ ಊರಿನ ಹೆಸರೊಂದನ್ನೇ ಬರೆದು, ಸಾಕ್ಷಿಯ ಜಾಗದಲ್ಲಿ ನನ್ನ ರುಜು ಹಾಕಿಕೊಟ್ಟೆ.