ಗಾಲಿಯ ಮೇಲೆ ಬರೆದ ಸಾಲು

ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ರಸ್ತೆಗಳಲ್ಲಿ ಇಂದು ಬಸ್ಸು ನಡೆಸುತ್ತಿರುವ ಅನೇಕರಿಗೆ ಸ್ಟಿಯರಿಂಗ್ ಹಿಡಿಯಲು ಕಲಿಸಿದವರು ಶ್ರೀ ಪರಮೇಶಪ್ಪನವರು. ಮೂವತ್ತೊಂದು ವರ್ಷಗಳ ಸೇವೆ ಮುಗಿಸಿ ನಿವೃತ್ತರಾಗುತ್ತಿರುವ ಈ ಹಿರಿಯರಿಗೆ ಅರ್ಪಿತವಾದ ಸಂಪುಟದಲ್ಲಿ ಅವರ ಶಿಷ್ಯೆ ಜಯಾಳ ಹೆದರಿಕೆಗೂ ಒಂದಿಷ್ಟು ಜಾಗ ಸಲ್ಲಬೇಕು; ಧೈರ್ಯವಂತರನ್ನು ಯಾರು ಬೇಕಾದರೂ ಚಾಲಕರನ್ನಾಗಿ ಮಾಡಬಲ್ಲರು.

ಅಕ್ಕಿಆಲೂರಿನ ಜಯಾ ತರಬೇತಿಗೆ ಸೇರಿದ್ದು ನಾಲ್ಕು ವರ್ಷಗಳ ಹಿಂದೆ. ಮೂರು ತಿಂಗಳಲ್ಲಿ ಪರೀಕ್ಷೆ ಪಾಸಾಗದಿದ್ದರೆ ಕೈಗೆ ಬಂದ ನೌಕರಿ ಹೋಗುತ್ತಿತ್ತು. ಬಸ್ಸು ಹಿಂದಕ್ಕೆ ಸರಿಯತೊಡಗಿದರೆ ಸಾಕು, ಕಾಣದ ಕಡೆ ಯಾರೋ ನಿಂತಿದ್ದಾರೆನಿಸಿ ಅವಳ ಕೈಕಾಲು ತಣ್ಣಗಾಗುತ್ತಿದ್ದವು.

ಪರಮೇಶಪ್ಪನವರದು ಒಂದು ಪದ್ಧತಿ. ಕಲಿಯುವವರು ದಿನಾ ಬೆಳಿಗ್ಗೆ ಬಸ್ಸಿನ ಮುಂದಿನ ಗಾಲಿಯ ಮೇಲೆ ಅಂದಿನ ಗುರಿಯನ್ನು ಸೀಮೆಸುಣ್ಣದಿಂದ ಬರೆಯಬೇಕು. ಸಾಧಿಸಿದ ಮೇಲೆ ತಮ್ಮ ಅಂಗೈಯಿಂದಲೇ ಅಳಿಸಬೇಕು. ಅಳಿಸುವವರೆಗೆ ಹೊಸ ಸಾಲಿಲ್ಲ. ಮೊದಲ ದಿನ ಜಯಾ ‘ಹೆದರಬಾರದು’ ಎಂದು ಬರೆದಳು.

“ಇದನ್ನ ಎಷ್ಟು ಗಂಟೇಕ ಅಳಸ್ತೀ ತಂಗೀ?” ಎಂದು ಗುರುಗಳು ಕೇಳಿದರು. “ಹೆದರಿಕಿ ಇರ್ಲಿ ಬಿಡು, ಅದರ ಪಾಡಿಗೆ ಅದು. ಎಲ್ಲಿ, ಏನು, ಎಷ್ಟು ಗಂಟೇಕ, ಅಷ್ಟ ಬರಿ.”

‘ಹನ್ನೊಂದರೊಳಗೆ ಎರಡು ಡ್ರಮ್ಮುಗಳ ನಡುವೆ ಬಸ್ಸನ್ನು ಹಿಂದಕ್ಕೆ ತಂದು ನಿಲ್ಲಿಸುವುದು’ ಎಂದು ಅದರ ಬದಲು ಅವಳು ಬರೆದ ಸಾಲು ಒಂಬತ್ತು ದಿನ ಹಾಗೇ ಉಳಿಯಿತು. ಗುರುಗಳು ಗದರಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಪ್ರತಿದಿನ ಡ್ರಮ್ಮುಗಳ ಹಿಂದೆ, ಅವಳ ಕನ್ನಡಿಯಲ್ಲಿ ಕಾಣುವ ಹಾಗೆ, ತಾವೇ ಹೋಗಿ ನಿಂತರು. ಹಿಂದೆ ನಿಂತವರು ಯಾರೆಂದು ತಿಳಿದಿದ್ದರಿಂದ ಅವಳ ಕಾಲು ದಿನಕ್ಕಿಷ್ಟು ಕ್ಲಚ್ಚಿನ ಮೇಲೆ ಸ್ಥಿರವಾಗಿ ನಿಲ್ಲತೊಡಗಿತು. ಹತ್ತನೆಯ ದಿನ ಅವಳು ಆ ಸಾಲನ್ನು ಅಳಿಸಿದಳು.

ಕೊನೆಯ ವಾರದ ಸಾಲು ‘ಶಿಗ್ಗಾಂವ, ನಾಲ್ಕರೊಳಗೆ, ಹೆದ್ದಾರಿ ಸೇರಿ ಐದು ಕಿಲೋಮೀಟರು’. ಕನ್ನಡಿ ತುಂಬ ಲಾರಿಗಳು. ಆದರೂ ಜಯಾ ಹೆದ್ದಾರಿ ಸೇರಿದಳು, ಐದೂ ಕಿಲೋಮೀಟರು ನಡೆಸಿದಳು. ಬಸ್ಸು ನಿಲ್ಲಿಸಿ ತಿರುಗಿದರೆ, ಪಕ್ಕದಲ್ಲಿದ್ದ ಗುರುಗಳ ಮುಷ್ಟಿಯೊಳಗಿನ ಸೀಮೆಸುಣ್ಣ ಬೆವರಿಗೆ ನೆನೆದು ಕೆಸರಾಗಿತ್ತು.

“ಸರ, ನಿಮಗೂ ಹೆದರಿಕಿ ಆಗ್ತೈತೇನ್ರಿ?”

“ದಿನಾ ಆಗ್ತೈತಿ. ಯಾರಿಗೂ ಹೇಳಬ್ಯಾಡ ಮತ್ತ.”

ಹೇಳಬೇಡ ಎಂದದ್ದನ್ನು ಇಂದು ಅಚ್ಚು ಹಾಕಿಸುತ್ತಿರುವುದಕ್ಕೆ ಅವರು ಕ್ಷಮಿಸಬೇಕು.

ಅಂಥವರನ್ನು ಕಳೆದ ತಿಂಗಳು ಜಯಾ, ನಿವೃತ್ತಿಯ ನಂತರ ಏನು ಮಾಡುತ್ತೀರಿ ಎಂದು ಕೇಳಿದಾಗ, ಅವರು ಸಾಲಾಗಿ ನಿಂತ ಬಸ್ಸುಗಳ ಕಡೆ ನೋಡುತ್ತ “ನೋಡೋಣಂತ” ಎಂದುಬಿಟ್ಟರು. ಶಿಷ್ಯರ ಬಾಯಲ್ಲಿ ಎಂದೂ ಸಹಿಸದ ಮಾತು ಅದು. ಅವಳ ಕೈಕಾಲು ಹಳೆಯ ದಿನಗಳಂತೆ ತಣ್ಣಗಾದವು. ಈ ಮನುಷ್ಯ ಮನೆಯಲ್ಲಿ ಸುಮ್ಮನೆ ಕುಳಿತು ಕರಗಿಹೋಗುತ್ತಾರೆ ಎಂಬ ಭಯಕ್ಕೆ ಅವಳು ಅವರ ಕೈಗೆ ಸೀಮೆಸುಣ್ಣ ಕೊಟ್ಟಳು. ಅವರು ಗಾಲಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತರು. ಸೀಮೆಸುಣ್ಣವನ್ನು ಗಾಲಿಯ ಹತ್ತಿರ ಒಯ್ದು ಮತ್ತೆ ಹಿಂದಕ್ಕೆ ತಂದರು.

“ಹೆದರಿಕಿ ಇರ್ಲಿ ಬಿಡ್ರಿ ಸರ,” ಎಂದಳು ಜಯಾ. “ಎಲ್ಲಿ, ಏನು, ಎಷ್ಟು ಗಂಟೇಕ?”

ಅವರು ಬರೆದರು: ‘ಚಿಕ್ಕೇರೂರು, ಒಂದನೇ ತಾರೀಖು, ಬೆಳಿಗ್ಗೆ ಎಂಟಕ್ಕೆ, ವೀರವ್ವನಿಗೆ ಸ್ಕೂಟರ್ ಕಲಿಸಲು ಶುರು ಮಾಡುವುದು.’ ಚಿಕ್ಕೇರೂರು ಅವರ ಊರು, ವೀರವ್ವ ಅವರ ಧರ್ಮಪತ್ನಿ. ಸ್ಕೂಟರಿನ ಹಿಂದಿನ ಸೀಟಿನಲ್ಲಿಯೂ ಕಣ್ಣು ಮುಚ್ಚಿಕೊಂಡು ಕೂರುವವರು.

ನೂರು ವರ್ಷ ಬಾಳಿರಿ ಎಂದರೆ ಗುರುಗಳು ಮುಂದಿನ ವಾರದ ಕೆಲಸ ಹೇಳು ಎನ್ನುತ್ತಾರೆ. ಆದ್ದರಿಂದ ಅವರ ಆಯುರಾರೋಗ್ಯವನ್ನು ಹಾರೈಸುತ್ತ ಜಯಾ ತನ್ನ ಸಾಲನ್ನೂ ಇಲ್ಲಿ ಬರೆದಿಡುತ್ತಾಳೆ: ಚಿಕ್ಕೇರೂರು, ಒಂದನೇ ತಾರೀಖು, ಬೆಳಿಗ್ಗೆ ಎಂಟಕ್ಕೆ, ಆ ಸ್ಕೂಟರಿನ ಹಿಂದೆ, ಕನ್ನಡಿಯಲ್ಲಿ ಕಾಣುವ ಹಾಗೆ ನಿಂತಿರುವುದು.