ಅಲಸಂದೆ ಬೇರಿನ ಗಂಟು

ಹೋದ ವರ್ಷ ಅಕ್ಕ ಬಸುರಿಯಾಗಿ ಕೃಷ್ಣರಾಜನಗರದ ಗಂಡನ ಮನೆಯಿಂದ ಬಂದಾಗ ಎಷ್ಟು ಬಿಳಿಚಿಕೊಂಡಿದ್ದಳೆಂದರೆ, ಸುಣ್ಣ ಬಳಿದ ಗೋಡೆಗೆ ಒರಗಿದರೆ ಬರೀ ಸೀರೆಯೊಂದೇ ನಿಂತ ಹಾಗೆ ಕಾಣುತ್ತಿತ್ತು. ನಾನು ಇದನ್ನು ಹೇಳಿದಾಗ ಅವಳೂ ನಕ್ಕಳು. ನಕ್ಕದ್ದಕ್ಕೇ ಉಸಿರು ಸಾಲದೆ ಜಗಲಿಯ ಮೇಲೆ ಕುಸಿದಳು. ಆಮೇಲೆ ಯಾರೂ ನಗಲಿಲ್ಲ.

ಹುಣಸೂರಿನ ಡಾಕ್ಟರು ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ನಾನೂ ಇಣುಕಿದೆ. ಕೊಬ್ಬರಿ ತುರಿದಿಟ್ಟ ಹಾಗಿತ್ತು. “ಮೈಯಲ್ಲಿ ರಕ್ತವೇ ಇಲ್ಲ. ಮಾತ್ರೆ ಜೊತೆಗೆ ಕಾಳು, ಸೊಪ್ಪು ಚೆನ್ನಾಗಿ ತಿನ್ನಿಸಿ. ಹೀಗೇ ಇದ್ದರೆ ಹೆರಿಗೆ ತಾಳಿಕೊಳ್ಳೋದು ಕಷ್ಟ” ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಮಾತ್ರೆಯ ಚೀಟಿಯನ್ನು ಮಡಿಸುತ್ತ, ಬಿಡಿಸುತ್ತ ಕೂತ. ನಾನು ಮಾತಾಡುತ್ತಲೇ ಇದ್ದೆ, ಯಾರೂ ಕೇಳಿಸಿಕೊಳ್ಳಲಿಲ್ಲ.

ಬೆಟ್ಟದಪುರದ ಕೆಳಗಿನ ನಮ್ಮ ಹೊಲದಲ್ಲಿ ಹೊಗೆಸೊಪ್ಪೇ ದೇವರು. ಕಾಳು ಬೆಳೆಯುತ್ತಿದ್ದ ಜಾಗದಲ್ಲೂ ಅದೇ ಬಂದು ಕೂತಿತ್ತು. ನಾಟಿ ಮುಗಿದು ಬಾವಿ ಪಕ್ಕದ ಸಸಿಮಡಿ ಖಾಲಿಯಾದಾಗ ಅಪ್ಪ ಅಲ್ಲಿ ಅಕ್ಕನಿಗೆಂದೇ ಅಲಸಂದೆ ಹಾಕಿದ. ಸಸಿಮಡಿಯೆಂದರೆ ಹೊಗೆಸೊಪ್ಪಿನ ಬೀಜ ಚೆಲ್ಲುವ ಮುಂಚೆ ಸೌದೆ, ತರಗು ಪೇರಿಸಿ ಮಣ್ಣನ್ನೇ ಸುಡುವ ಜಾಗ. ಹಿಂದಿನ ವರ್ಷ ಬೇರಿಗೆ ಗಂಟುರೋಗ ಬಂದು ಸಸಿಯೆಲ್ಲ ಹೋಗಿತ್ತು. ಅದಕ್ಕೇ ಈ ಸಲ ಅಪ್ಪ ಇಟ್ಟ ಬೆಂಕಿಗೆ ಪಾತಾಳದವರೇ ಎದ್ದು ಬಂದು ಬೈಯಬೇಕಿತ್ತು. ಅವ್ವನೂ ಕೊಟ್ಟಿಗೆಯ ಹಿಂದೆ ಒಂದು ಪಟ್ಟಿ ಅಲಸಂದೆ ಚೆಲ್ಲಿದಳು. ಆ ಮಣ್ಣು ಬೆಂಕಿ ಕಂಡದ್ದಿಲ್ಲ.

ಅಪ್ಪನ ಅಲಸಂದೆ ಮೊದಲು ಬೂದಿಯ ಸೊಕ್ಕಿಗೆ ಎದ್ದಿತು, ಆಮೇಲೆ ಅಕ್ಕನ ಬಣ್ಣಕ್ಕೇ ತಿರುಗಿತು. ಕಾಯಿ ಬಿಟ್ಟರೂ ಒಳಗಿನ ಕಾಳು ಹುಡುಕಲು ಲಾಂದ್ರ ಬೇಕಿತ್ತು. ಅವ್ವನದು ಕಡುಹಸಿರಾಗಿ ಹಬ್ಬಿತು. ಇನ್ನೊಂದಿಷ್ಟು ದಿನ ಬಿಟ್ಟಿದ್ದರೆ ಎಮ್ಮೆಯನ್ನೂ ಸುತ್ತಿಕೊಳ್ಳುತ್ತಿತ್ತು.

ತನ್ನದು ಯಾಕೆ ಹೀಗಾಯಿತೆಂದು ಅಪ್ಪ ಎರಡೂ ಕಡೆ ಒಂದೊಂದು ಗಿಡ ಕಿತ್ತು ನೋಡಿದ. ಅವನದರ ಬೇರು ನೂಲಿನ ಹಾಗೆ ನುಣ್ಣಗಿತ್ತು. ಅವ್ವನದರ ಬೇರಿನ ತುಂಬ ಸಣ್ಣ ಸಣ್ಣ ಗಂಟು.

“ಅಯ್ಯೋ ಶಿವನೇ, ಗಂಟುರೋಗ ಕಣೇ! ಪಕ್ಕದಲ್ಲೇ ಒಗೆಸೊಪ್ಪು ಅದೆ. ಅದ್ಕೂ ಅಬ್ಕಂಡ್ರೆ ಮನೆನೇ ಮುಳ್ಗೋಯ್ತದೆ. ಎಲ್ಲ ಕಿತ್ತು ಸುಟ್ಬುಡ್ತೀನಿ” ಎಂದು ಅವ್ವನಿಗೆ ಕೂಗಿ ಹೇಳಿದ.

ಅವತ್ತು ಭಾನುವಾರ, ನಾನು ಹುಣಸೂರಿನ ಹೈಸ್ಕೂಲು ಹಾಸ್ಟೆಲಿನಿಂದ ಊರಿಗೆ ಬಂದಿದ್ದೆ. ಆ ವಾರವಷ್ಟೇ ವಿಜ್ಞಾನದ ಮೇಷ್ಟ್ರು ಇದೇ ಪಾಠ ಮಾಡಿದ್ದರು.

“ತಡಿಯಪ್ಪ, ಇದು ರೋಗ ಅಲ್ಲ. ಇದ್ರೊಳಗೆ ಕಣ್ಣಿಗೆ ಕಾಣ್ದಿರೋ ಜೀವ ಅವೆ. ಗಾಳೀಲಿರೋ ಸಾರ ಹಿಡ್ದು ಗಿಡಕ್ಕೆ ಉಣ್ಣುಸ್ತವೆ. ಅದ್ಕೇ ಅವ್ವನ ಕಾಳು ತುಂಬ್ಕೊಂಡಿರೋದು. ನಿನ್ನ ಮಡೀಲಿ ಅವೆಲ್ಲ ಬೆಂದೋಗವೆ. ರೋಗದ ಗಂಟಾದ್ರೆ ಬೇರು ತಾನೇ ಊದ್ಕತದೆ. ಇದು ನೋಡು, ಮಣಿ ಅಂಟ್ಸಿದಂಗದೆ, ಮುಟ್ಟಿದ್ರೆ ಉದುರ್ತದೆ.”

ಒಂದು ಗಂಟನ್ನು ಉಗುರಿನಲ್ಲಿ ಸೀಳಿ ತೋರಿಸಿದೆ. ಒಳಗೆ ಕೆಂಪಗಿತ್ತು. ಅಕ್ಕನ ರೆಪ್ಪೆಯೊಳಗೆ ಇರಬೇಕಾಗಿದ್ದ ಕೆಂಪು.

ಅಪ್ಪ ನನ್ನನ್ನು ದಿಟ್ಟಿಸಿದ. “ಓದ್ ವಾರ ಕಾಡಾನೆ ಬಂದು ನಿಮ್ಮ ಆಸ್ಟೆಲ್ ಸಾರು ಕುಡ್ದು, ಬರೀ ನೀರು ಅಂತ ಮಕ ಕಿವುಚ್ಕೊಂಡು ಓಯ್ತು ಅಂದ್ಯಲ್ಲ, ಅದೂ ಮೇಷ್ಟ್ರೇ ಯೋಳಿದ್ರಾ?”

“ಅದು ಸುಳ್ಳು. ಇದು ದಿಟ.”

“ಮಾರಾಜ್ರ ಕಾರು ಕೆಟ್ಟೋದಾಗ ನೀನೇ ತಳ್ಳಿದ್ದು?”

“ಅದೂ ಸುಳ್ಳೇಯ. ಆದ್ರೆ ಇದು...”

“ಗಿಡಕ್ಕೆ ಗಾಳಿ ಉಣ್ಸೋ ಉಳ! ಇದು ಆನೆಗಿಂತ್ಲೂ ದೊಡ್ಡದು ಕಣ್ಲಾ” ಎಂದು ಅಪ್ಪ ಬಗ್ಗಿ ಕೀಳತೊಡಗಿದ.

ನಾನು ಅಡ್ಡ ನಿಂತು ಅರಚಿದೆ. ಇಷ್ಟೊಂದು ನಿಜವನ್ನು ಒಟ್ಟಿಗೆ ಹೇಳಿದ್ದು ಹುಟ್ಟಿದಾಗಿನಿಂದ ಅದೇ ಮೊದಲು. ಗದ್ದಲಕ್ಕೆ ಅಕ್ಕ ಹೊರಗೆ ಬಂದಳು.

“ದಿಟವೇನ್ಲಾ?”

“ನಿನ್ನಾಣೆ ಕಣಕ್ಕ.”

ಅವಳು ಹೊಟ್ಟೆ ಹಿಡಿದುಕೊಂಡು ಬಂದು ಗಿಡಗಳ ನಡುವೆ ಕೂತೇಬಿಟ್ಟಳು. “ಈಗ ಕೀಳಪ್ಪ.”

“ಏಳವ್ವ. ಇವುನ್ ಮಾತು ಕಟ್ಕೊಂಡು...”

“ಅವ್ವನ ಕಾಳು ತಿಂದ್ರೆ ಒಸಿ ಎದ್ದು ಓಡಾಡಂಗಾಯ್ತದೆ. ನಿನ್ನ ಮಡೀದು ತಿಂದ್ರೆ ಒಟ್ಟೆ ತುಂಬ್ತದೆ ಅಷ್ಟೇಯ.”

ಬಸುರಿ ಮಗಳನ್ನು ಎಳೆದು ಎಬ್ಬಿಸುವುದು ಹೇಗೆ? ಅಪ್ಪ ಅವಳ ಸುತ್ತಲಿನದನ್ನೆಲ್ಲ ಕಿತ್ತ. ಕೊನೆಗೆ ಅವಳ ಸೀರೆ ಹರಡಿದಷ್ಟಗಲದ ಹೊಲ ಉಳಿಯಿತು; ಪಿರಿಯಾಪಟ್ಟಣ ತಾಲ್ಲೂಕಿಗೇ ಸಣ್ಣದು. ಕಿತ್ತದ್ದಕ್ಕೆಲ್ಲ ಬೆಂಕಿ ಬಿತ್ತು. ಕಾಯಿ ಸುಡುವ ವಾಸನೆಗೆ ನನ್ನ ದರಿದ್ರ ಬಾಯಲ್ಲಿ ನೀರೂರಿತು.

ಉಳಿದ ಗಿಡಗಳ ಕಾಳು ಗೌರಿ ಹಬ್ಬದವರೆಗೂ ಬರಲಿಲ್ಲ. ಆಮೇಲೆ ಮುದ್ದೆಗೆ ಅಪ್ಪನ ಮಡಿಯ ಸಪ್ಪೆ ಕಾಳೇ ಗತಿಯಾಯಿತು. ದೀಪಾವಳಿಗೆ ಮುಂಚೆ ಅಕ್ಕ ಹೆತ್ತಳು. ಗಂಡು. ಅಳಲೇ ಇಲ್ಲ. ನಮ್ಮ ವಂಶದಲ್ಲಿ ಬಾಯಿ ತೆರೆಯದೆ ಹೋದವನು ಅವನೊಬ್ಬನೇ. ಸಂಜೆಯ ಹೊತ್ತಿಗೆ ಮುಗಿದುಹೋಯಿತು. ಅಕ್ಕ ಉಳಿದಳು, ಹಾಸಿಗೆ ಬಿಟ್ಟು ಏಳದ ಹಾಗೆ. ಆ ಅಲಸಂದೆ ಇದ್ದಿದ್ದರೆ ಮಗು ಬದುಕುತ್ತಿತ್ತೆಂದು ಡಾಕ್ಟರೂ ಹೇಳಲಿಲ್ಲ, ನಾನೂ ಹೇಳಲಾರೆ.

ಕೆಲವು ದಿನ ಕಳೆದು, ಜಗಲಿಯಲ್ಲಿ ಅಪ್ಪ ನನ್ನ ಪಕ್ಕ ಬಂದು ಕುಕ್ಕರುಗಾಲಲ್ಲಿ ಕೂತ. ಅನ್ನ ನೀರು ಬಿಟ್ಟು ಅವನ ಕೆನ್ನೆ ಒಳಕ್ಕೆ ಹೋಗಿತ್ತು.

“ಆ ಗಂಟಿನ್ ವಿಸ್ಯ... ದಿಟವೇನ್ಲಾ?”

ಮೇಷ್ಟ್ರ ಪಾಠದ ಒಂದೊಂದು ಮಾತೂ ನಾಲಗೆಯ ತುದಿಯಲ್ಲಿತ್ತು. ಅಪ್ಪ ನನ್ನ ಮುಖ ನೋಡದೆ ಕೊಟ್ಟಿಗೆಯ ಕಡೆಗೇ ನೋಡುತ್ತಿದ್ದ.

“ಇಲ್ಲ ಕಣಪ್ಪ. ಸುಮ್ನೆ ಬುಟ್ಟಿದ್ದೆ. ಆನೆ ಥರದ್ದೇಯ.”

“ನಂಗೊತ್ತಿತ್ತು ಬುಡು” ಎಂದ. ದೊಡ್ಡದಾಗಿ ಉಸಿರು ಬಿಟ್ಟು, ಮುದ್ದೆ ಇಡಲು ಅವ್ವನನ್ನು ಕೂಗಿದ.

ನಾನು ಗಂಜಿ ತೆಗೆದುಕೊಂಡು ಒಳಗೆ ಹೋದೆ. ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

“ನನ್ ಮ್ಯಾಲೆ ಆಣೆ ಇಟ್ಟಿದ್ಯಲ್ಲೋ” ಎಂದಳು, ಮೆಲ್ಲಗೆ.

ಹೊರಗೆ ಜಗಲಿಯಲ್ಲಿ, ಒಳಗಿನ ಮಾತು ಕೇಳುವಷ್ಟು ಹತ್ತಿರದಲ್ಲಿ, ಅಪ್ಪ ಉಣ್ಣುತ್ತಿದ್ದ. ನಾನು ಗಂಜಿಯ ಲೋಟವನ್ನು ಅವಳ ತಲೆಯ ಹತ್ತಿರ ಇಟ್ಟು ಎದ್ದು ಬಂದೆ.